ಗುಣವಾಗುತ್ತದೋ ಇಲ್ಲವೋ ಗೊತ್ತಿಲ್ಲದಾಗ: ಕಾಯಿಲೆ, ಪ್ರಾರ್ಥನೆ, ನಂಬಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾರಕ್ಕೆರಡು ಸಲ ಆಸ್ಪತ್ರೆಯ ವಾರ್ಡಿಗೆ ಹೋಗಿ ರೋಗಿಗಳ ಹತ್ತಿರ ಕೂತು ಬರುವುದು ನನಗೆ ಹನ್ನೆರಡು ವರ್ಷದ ರೂಢಿ. ನಾನು ಪಾಸ್ಟರ್ ಅಲ್ಲ, ಡಾಕ್ಟರೂ ಅಲ್ಲ. ನನ್ನ ತಂಗಿ ನಾಲ್ಕು ವರ್ಷ ಡಯಾಲಿಸಿಸ್‌ನಲ್ಲಿದ್ದಳು. ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಲ್ಲಿಂದಲೇ ಇದು ಶುರುವಾಯಿತು. ವಾರ್ಡಿನಲ್ಲಿ, ಬಿಲ್ಲಿಂಗ್ ಕೌಂಟರಿನ ಸಾಲಿನಲ್ಲಿ, ಕಾಗದದಲ್ಲಿ, ವಾಟ್ಸಾಪಿನಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಕೇಳಿದವರಲ್ಲಿ ಸಿಎಸ್‌ಐನವರಿದ್ದಾರೆ (ಚರ್ಚ್ ಆಫ್ ಸೌತ್ ಇಂಡಿಯಾ), ಕಥೋಲಿಕರಿದ್ದಾರೆ, ಪೆಂತೆಕೊಸ್ತಿನವರೂ ಇದ್ದಾರೆ.

## ಮೊದಮೊದಲು ಕೇಳುವುದು

ದೇವರು ಈಗಲೂ ಗುಣ ಮಾಡುತ್ತಾನಾ, ಇಲ್ಲ ಅದೆಲ್ಲ ಬೈಬಲ್ ಕಾಲಕ್ಕೇ ಮುಗಿಯಿತಾ?

ಮಾಡುತ್ತಾನೆ ಎಂದೇ ನನ್ನ ನಂಬಿಕೆ. ಡಾಕ್ಟರುಗಳು ತಲೆ ಕೆರೆದುಕೊಂಡ ಒಂದೆರಡು ಪ್ರಸಂಗಗಳನ್ನು ನಾನೇ ನೋಡಿದ್ದೇನೆ. ಆದರೆ ಅಂಥವು ಅಪರೂಪ. ಫ್ರಾನ್ಸಿನ ಲೂರ್ದ್ ಎಂಬ ಯಾತ್ರಾಸ್ಥಳಕ್ಕೆ 1858ರಿಂದ ಕೋಟಿಗಟ್ಟಲೆ ಜನ ಹೋಗಿದ್ದಾರೆ. ಅಲ್ಲಿ ಗುಣವಾಯಿತೆಂದು ಹೇಳಿಕೊಂಡವರು ಸಾವಿರಾರು. ವೈದ್ಯರು ಕಡತ ಪರಿಶೀಲಿಸಿದ ಮೇಲೆ ಕಥೋಲಿಕ ಸಭೆ (ಚರ್ಚ್) ಅಧಿಕೃತವಾಗಿ ಪವಾಡವೆಂದು ಒಪ್ಪಿಕೊಂಡಿದ್ದು ಎಪ್ಪತ್ತರ ಆಸುಪಾಸು ಮಾತ್ರ. ಇನ್ನೊಂದು ಸಂಗತಿಯನ್ನು ಯಾತ್ರೆಗೆ ಹೋಗುವವರಿಗೆ ಯಾರೂ ಹೇಳುವುದಿಲ್ಲ. ಅಲ್ಲಿ ಮರಿಯ ಮಾತೆಯ ದರ್ಶನ ಕಂಡ ಬರ್ನಡೆಟ್ ಎಂಬ ಹುಡುಗಿಗೇ ಉಬ್ಬಸವಿತ್ತು, ಆಮೇಲೆ ಕ್ಷಯವೂ ಬಂತು. 1879ರಲ್ಲಿ, 35ನೇ ವಯಸ್ಸಿನಲ್ಲಿ, ಲೂರ್ದ್‌ನಿಂದ ದೂರದ ಒಂದು ಮಠದಲ್ಲಿ ತೀರಿಕೊಂಡಳು. ಸಭೆ ಅವಳನ್ನು ಸಂತಳೆಂದು ಸಾರಿತು. ಗುಣವಾಗದ್ದು ಅದಕ್ಕೆ ಅಡ್ಡಿಯಾಗಲಿಲ್ಲ.

"ನಿನ್ನ ಚಿತ್ತದಂತೆ ಆಗಲಿ" ಅಂತ ಸೇರಿಸಿದರೆ ನಂಬಿಕೆ ಕಮ್ಮಿ ಅಂತ ಅರ್ಥವಂತೆ, ಹೌದಾ?

ಹಾಗಿದ್ದರೆ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವಿಗೇ ನಂಬಿಕೆ ಕಮ್ಮಿಯಿತ್ತು ಅನ್ನಬೇಕಾಗುತ್ತದೆ. ಈ ಪಾತ್ರೆಯನ್ನು, ಅಂದರೆ ಈ ಸಂಕಟವನ್ನು, ನನ್ನಿಂದ ತೊಲಗಿಸು ಅಂತ ಆತ ಮೊದಲು ಬಾಯಿಬಿಟ್ಟು ಕೇಳಿದ. ಆದರೂ ನಿನ್ನ ಚಿತ್ತದಂತೆಯೇ ಆಗಲಿ ಅಂದದ್ದು ಆಮೇಲೆ. ನಮ್ಮಲ್ಲಿ ಕೆಲವರು ಎರಡನೆಯದನ್ನು ಮಾತ್ರ ಹೇಳುತ್ತಾರೆ, ಕೇಳುವುದಕ್ಕೇ ಸಂಕೋಚ. ಇನ್ನು ಕೆಲವರು ಬ್ಯಾಂಕ್ ಮ್ಯಾನೇಜರಿಗೆ ದಬಾಯಿಸುವ ಹಾಗೆ ಕೇಳುತ್ತಾರೆ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದ ಕುಷ್ಠರೋಗಿ "ನಿನಗೆ ಮನಸ್ಸಿದ್ದರೆ" ಅಂತಲೇ ಶುರುಮಾಡಿದ, ಅವನಿಗೆ ಗುಣವಾಯಿತು. ಸಕ್ಕರೆ ಇಳಿಯಲಿ, ಗಡ್ಡೆ ಕರಗಲಿ, ಬಯಾಪ್ಸಿ ಚೆನ್ನಾಗಿ ಬರಲಿ ಅಂತ ಹೆಸರಿಟ್ಟೇ ಕೇಳಿ. ಕೇಳಿದ ಮೇಲೆ ಬಿಟ್ಟುಕೊಡಿ.

ಮಾತ್ರೆ ನುಂಗಿದರೆ ದೇವರ ಮೇಲೆ ಅಪನಂಬಿಕೆ ಇಟ್ಟ ಹಾಗಾ?

ಇಲ್ಲ. ಈ ಪ್ರಶ್ನೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ, ಕೇಳಿದವರ ಮೇಲಲ್ಲ, ಅವರ ತಲೆಗೆ ಇದನ್ನು ತುಂಬಿದವರ ಮೇಲೆ.

ಅರಸನಾದ ಹಿಜ್ಕೀಯ ಅಳುತ್ತಾ ಪ್ರಾರ್ಥಿಸಿದಾಗ ದೇವರು ಅವನ ಆಯುಸ್ಸಿಗೆ 15 ವರ್ಷ ಸೇರಿಸಿದ. ಆಮೇಲೆ ಪ್ರವಾದಿ ಯೆಶಾಯ ಮಾಡಿಸಿದ್ದೇನು? ಹುಣ್ಣಿನ ಮೇಲೆ ಅಂಜೂರದ ಹಣ್ಣಿನ ಪಟ್ಟು ಹಾಕಿಸಿದ (2 ಅರಸುಗಳು 20). ವಾಗ್ದಾನವೂ ಪಟ್ಟೂ ಒಂದೇ ದಿನ, ಒಂದೇ ಮಂಚದ ಹತ್ತಿರ. ಅಪೊಸ್ತಲ ಪೌಲನ ಜೊತೆ ತಿರುಗಾಡಿದ ಲೂಕ ವೈದ್ಯ. ಕಥೋಲಿಕ ಬೈಬಲಿನಲ್ಲಿರುವ ಸಿರಾಖನ ಗ್ರಂಥದ 38ನೇ ಅಧ್ಯಾಯ ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಉಂಟುಮಾಡಿದ್ದಾನೆ ಅನ್ನುತ್ತದೆ.

ನಮ್ಮ ನಾಡನ್ನೇ ನೋಡಿ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಔಷಧ ಹಂಚಲು ಕೂತರು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರದು. ಮೈಸೂರಿನವರು ಇಂದಿಗೂ ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ 1906ರದು. ವೆಲ್ಲೂರಿನ ಸಿಎಂಸಿ ಆಸ್ಪತ್ರೆ 1900ರಲ್ಲಿ ಮಿಷನರಿ ಡಾಕ್ಟರ್ ಐಡಾ ಸ್ಕಡರ್ ಇಟ್ಟ ಒಂದೇ ಮಂಚದ ದವಾಖಾನೆಯಿಂದ ಬೆಳೆದದ್ದು. ಇವರೆಲ್ಲ ಪ್ರಾರ್ಥಿಸುವವರೇ. ಪ್ರಾರ್ಥನೆ ಮಾಡಿ ಎದ್ದು ಸೂಜಿ ಕುದಿಸಿದರು.

ಇನ್ಸುಲಿನ್, ಮೂರ್ಛೆರೋಗದ ಮಾತ್ರೆ, ಟಿಬಿ ಔಷಧ, ರಕ್ತ ತೆಳುವಾಗಿಸುವ ಮಾತ್ರೆ, ಮನೋರೋಗದ ಮಾತ್ರೆ, ಇವನ್ನು "ನಂಬಿಕೆಯಿಂದ" ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನಿಜವಾಗಿ ಗುಣವಾಗಿದ್ದರೆ ಪರೀಕ್ಷೆ ಮಾಡಿ ನಿಲ್ಲಿಸುವುದು ಡಾಕ್ಟರಿಗೆ ಗೊತ್ತು.

ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ. ಯಾವ ಪಾಪಕ್ಕೆ ಇದು?

ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದನ್ನೇ ಕೇಳಿದರು: ಪಾಪ ಮಾಡಿದ್ದು ಇವನೋ, ಇವನ ತಂದೆತಾಯಿಯೋ? ಇವನೂ ಅಲ್ಲ, ತಂದೆತಾಯಿಯೂ ಅಲ್ಲ ಅಂದ ಯೇಸು (ಯೋಹಾನ 9). ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳೇ ಅಂತ ಆತ ತಾನೇ ಕೇಳಿ, ಅಲ್ಲ ಅಂತ ತಾನೇ ಹೇಳಿದ (ಲೂಕ 13). ಅಷ್ಟಾದರೂ ಈ ಪ್ರಶ್ನೆ ನಮ್ಮನ್ನು ಬಿಡದು. ಜ್ಞಾನಸ್ನಾನವಾಗಿ ಮೂರು ತಲೆಮಾರು ಕಳೆದರೂ "ಹಣೆಬರಹ", "ಮಾಡಿದ್ದುಣ್ಣೋ ಮಹಾರಾಯ" ನಾಲಿಗೆಯ ತುದಿಯಲ್ಲೇ ಇರುತ್ತವೆ. ಕುಡಿತದಿಂದ ಲಿವರ್ ಹಾಳಾಗುವುದು ಬೇರೆ. ಅದಕ್ಕೆ ಕಾರಣವಿದೆ, ಅದನ್ನು ಒಪ್ಪಿಕೊಳ್ಳಬೇಕು. ಏಳು ವರ್ಷದ ಮಗುವಿನ ರಕ್ತದ ಕ್ಯಾನ್ಸರಿಗೆ ಅಂಥ ಲೆಕ್ಕ ಹುಡುಕಬೇಡಿ.

## ಸಭೆಯಲ್ಲಿ, ನೆಂಟರ ನಡುವೆ ಏಳುವುದು

ನಂಬಿಕೆ ಸಾಲದೆ ನಿನಗೆ ಗುಣವಾಗಿಲ್ಲ ಅಂದರು. ಆಮೇಲೆ ನಿದ್ದೆ ಬರುತ್ತಿಲ್ಲ.

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಕಾಯಿಲೆಯ ಜೊತೆಗೆ ಅಪರಾಧವನ್ನೂ ಹೊರಿಸುವುದು ಬೆಂದ ಗಾಯಕ್ಕೆ ಬರೆ ಎಳೆದ ಹಾಗೆ.

ಸುವಾರ್ತೆಗಳಲ್ಲಿ ಗುಣವಾದವರ ನಂಬಿಕೆಯನ್ನು ಒಮ್ಮೆ ಅಳೆದು ನೋಡಿ. ಬೇತ್ಸಥಾ ಕೊಳದ ಹತ್ತಿರ 38 ವರ್ಷ ಬಿದ್ದಿದ್ದವನಿಗೆ ತನ್ನನ್ನು ಎಬ್ಬಿಸಿದ್ದು ಯಾರು ಅಂತಲೇ ಗೊತ್ತಿರಲಿಲ್ಲ. ಮಾಡು ಬಿಚ್ಚಿ ಇಳಿಸಿದ ಪಾರ್ಶ್ವವಾಯು ರೋಗಿಯ ಕಥೆಯಲ್ಲಿ ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು. ಯೇಸು ಸಮಾಧಿಯಿಂದ ಎಬ್ಬಿಸಿದ ಲಾಜರ ಸತ್ತು ನಾಲ್ಕು ದಿನವಾಗಿತ್ತು, ಅವನ ಪಾಲಿನ ನಂಬಿಕೆ ಎಷ್ಟಿದ್ದೀತು? ಮೂರ್ಛೆ ಬೀಳುತ್ತಿದ್ದ ಹುಡುಗನ ಅಪ್ಪ "ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು" ಅಂತ ಕೂಗಿದ. ಅರ್ಧಂಬರ್ಧ ನಂಬಿಕೆ. ಅದಕ್ಕೇ ಉತ್ತರ ಸಿಕ್ಕಿತು.

ಗುಣವಾಗದವರ ಪಟ್ಟಿಯನ್ನೂ ನೋಡಿ. ಪೌಲ ತನ್ನ ಶರೀರದ ಶೂಲ ಹೋಗಲಿ ಅಂತ ಮೂರು ಸಲ ಬೇಡಿದ. ಸಿಕ್ಕಿದ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು. ಅದೇ ಪೌಲ ಮಾಲ್ಟಾ ದ್ವೀಪದಲ್ಲಿ ಹಡಗು ಒಡೆದು ದಡ ಸೇರಿದಾಗ ಅಲ್ಲಿನ ಮುಖ್ಯಸ್ಥ ಪೊಪ್ಲಿಯನ ತಂದೆಯ ಜ್ವರ, ಆಮಶಂಕೆಯನ್ನು ಕೈಯಿಟ್ಟು ಗುಣಪಡಿಸಿದ. ಗುರುತಿಲ್ಲದ ಮುದುಕನಿಗೆ ಗುಣವಾಯಿತು. ಜೊತೆಗಾರ ತ್ರೊಫಿಮನನ್ನು ಮಾತ್ರ ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬರಬೇಕಾಯಿತು (2 ತಿಮೊಥೆಯ 4:20). ಮಗನಂತಿದ್ದ ತಿಮೊಥೆಯನಿಗೆ ಆಗಾಗ ಹೊಟ್ಟೆನೋವು. ಅವನಿಗೆ ಹೇಳಿದ್ದು ಬರೀ ನೀರು ಕುಡಿಯಬೇಡ, ಸ್ವಲ್ಪ ದ್ರಾಕ್ಷಾರಸ ತಗೋ ಅಂತ. ತ್ರೊಫಿಮನಿಗೆ ನಂಬಿಕೆ ಸಾಲದು ಅಂತ ಪೌಲ ಒಂದಕ್ಷರ ಬರೆದಿಲ್ಲ.

ತಾನು ಬೆಳೆದ ನಜರೇತಿನಲ್ಲಿ ಜನರ ಅಪನಂಬಿಕೆಯಿಂದ ಯೇಸು ಹೆಚ್ಚು ಅದ್ಭುತ ಮಾಡಲಾಗಲಿಲ್ಲವಲ್ಲ ಅಂತ ಕೇಳುವವರಿದ್ದಾರೆ. ನಿಜ, ಮಾರ್ಕ 6ರಲ್ಲಿ ಹಾಗೇ ಇದೆ. ಅಲ್ಲಿ ಅಪನಂಬಿಕೆ ಇದ್ದದ್ದು "ಇವನು ಆ ಬಡಗಿಯಲ್ಲವೇ" ಅಂತ ಮೂಗು ಮುರಿದವರಲ್ಲಿ. ಹತ್ತಿರ ಬಂದ ಕೆಲವು ರೋಗಿಗಳ ಮೇಲೆ ಕೈಯಿಟ್ಟು ಗುಣಪಡಿಸಿದ ಅಂತ ಅದೇ ವಾಕ್ಯದಲ್ಲಿದೆ. ಕೀಮೊ ವಾರ್ಡಿನಲ್ಲಿ ವಾಂತಿ ಮಾಡಿಕೊಳ್ಳುತ್ತಾ "ಕರ್ತನೇ" ಅನ್ನುವವರನ್ನು ಆ ಮೂಗು ಮುರಿದವರ ಸಾಲಿಗೆ ಸೇರಿಸುವುದು ಅನ್ಯಾಯ.

ರಿಪೋರ್ಟ್ ಹಾಗೇ ಇದೆ. ಆದರೆ "ಗುಣವಾಯಿತು ಅಂತ ಸಾಕ್ಷಿ ಹೇಳು, ಹೇಳಿದರೇ ಆಗೋದು" ಅಂತಾರೆ.

ಆಗದೇ ಇರುವುದನ್ನು ಆಯಿತೆಂದು ಹೇಳುವುದಕ್ಕೆ ಮನೆಯಲ್ಲಿ ಏನಂತೀವೋ ಸಭೆಯಲ್ಲೂ ಅದೇ ಅನ್ನಬೇಕು. ಕುಷ್ಠರೋಗಿಗಳಿಗೆ ಯೇಸು ಹೇಳಿದ್ದು ಹೋಗಿ ಯಾಜಕರಿಗೆ ಮೈ ತೋರಿಸಿ ಅಂತ. ಆ ಕಾಲದಲ್ಲಿ ರೋಗ ವಾಸಿಯಾಗಿದೆಯೇ ಅಂತ ನೋಡಿ ಹೇಳುವ ಅಧಿಕಾರ ಅವರದ್ದು. ಅಂದರೆ ತಪಾಸಣೆ ಮಾಡಿಸಿಕೋ ಅಂದ ಹಾಗಾಯಿತು. "ಇನ್ನೂ ಗುಣವಾಗಿಲ್ಲ, ಪ್ರಾರ್ಥಿಸುತ್ತಿದ್ದೇನೆ, ನೀವೂ ಪ್ರಾರ್ಥಿಸಿ" ಅನ್ನುವುದೂ ಸಾಕ್ಷಿಯೇ. ಮೈಕ್ ಹಿಡಿದು ಇದನ್ನು ಹೇಳುವುದಕ್ಕೆ ಹೆಚ್ಚು ಧೈರ್ಯ ಬೇಕು.

"ಆತನ ಬಾಸುಂಡೆಗಳಿಂದ ನಮಗೆ ಗುಣವಾಯಿತು" ಅಂತ ಬರೆದಿದೆಯಲ್ಲ, ಹಾಗಾದರೆ ಗುಣ ನಮ್ಮ ಹಕ್ಕಲ್ವಾ?

ಈ ಮಾತಿರುವ ಯೆಶಾಯ 53ನೇ ಅಧ್ಯಾಯವನ್ನು ಹೊಸ ಒಡಂಬಡಿಕೆ ಎರಡು ರೀತಿಯಲ್ಲಿ ಎತ್ತಿಕೊಳ್ಳುತ್ತದೆ. ಮತ್ತಾಯ 8ರಲ್ಲಿ ಯೇಸು ರೋಗಿಗಳನ್ನು ಗುಣಪಡಿಸಿದ್ದಕ್ಕೆ ಅದನ್ನು ಹೊಂದಿಸಿದೆ. 1 ಪೇತ್ರ 2ರಲ್ಲಿ ಬಾಸುಂಡೆಯ ಮಾತು ಪಾಪದಿಂದ ಬಿಡುಗಡೆಗೆ ಸೇರಿದೆ. ಹಾಗಾಗಿ ಶರೀರಕ್ಕೂ ಶಿಲುಬೆಗೂ ಸಂಬಂಧವೇ ಇಲ್ಲ ಅನ್ನಲಾರೆ. ಆದರೆ ಅದು ಪೂರ್ತಿ ಕೈಗೆ ಬರುವುದು ಯಾವಾಗ? ನಮ್ಮ ದೇಹದ ವಿಮೋಚನೆಗಾಗಿ ನರಳುತ್ತಾ ಎದುರುನೋಡುತ್ತಿದ್ದೇವೆ ಅಂತ ಪೌಲ ರೋಮಾಪುರದವರಿಗೆ ಬರೆಯುತ್ತಾನೆ. ಕೈಗೆ ಸಿಕ್ಕಿದ್ದನ್ನು ಯಾರೂ ಎದುರುನೋಡುವುದಿಲ್ಲ. ಇದನ್ನು ಹಕ್ಕುಪತ್ರದ ಹಾಗೆ ಹಿಡಿದು ದೇವರ ಮುಂದೆ ನಿಂತವರು ಬರಿಗೈಲಿ ಬಂದಾಗ ಕಾಯಿಲೆಗಿಂತ ಹೆಚ್ಚು ಮುರಿದುಹೋಗುತ್ತಾರೆ. ನೋಡಿದ್ದೇನೆ.

ವೇಲಾಂಕಣಿಗೆ ಹರಕೆ ಹೊತ್ತಿದ್ದೆ. ಗುಣವಾಗಲಿಲ್ಲ. ತೀರಿಸದಿದ್ದರೆ ಶಾಪ ತಟ್ಟುತ್ತಾ?

ತಟ್ಟುವುದಿಲ್ಲ. "ಗುಣವಾದರೆ" ಅಂತ ಷರತ್ತಿಟ್ಟು ಹೊತ್ತ ಹರಕೆ ಆ ಷರತ್ತು ನೆರವೇರದಿದ್ದರೆ ತಾನಾಗಿ ಮುಗಿಯುತ್ತದೆ ಅಂತ ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯ 1194ನೇ ನಿಯಮವೇ ಹೇಳುತ್ತದೆ. ಮನಸ್ಸಿಗೆ ಸಮಾಧಾನವಾಗದಿದ್ದರೆ ನಿಮ್ಮ ಫಾದರ್ ಹತ್ತಿರ ಮಾತಾಡಿ. ವೇಲಾಂಕಣಿಯ ಆರೋಗ್ಯ ಮಾತೆಯ ಹತ್ತಿರ ಸುಮ್ಮನೆ ಅಳುವುದಕ್ಕೆ ಹೋಗಬೇಕು ಅನ್ನಿಸಿದರೆ ಹೋಗಿ ಬನ್ನಿ, ಅದಕ್ಕೆ ಹರಕೆ ಬೇಕಿಲ್ಲ.

ಕಾಣಿಕೆ ಕಳಿಸಿದರೆ ಪ್ರಾರ್ಥಿಸಿದ ಎಣ್ಣೆ ಕಳಿಸುತ್ತಾರಂತೆ. ತರಿಸಲಾ?

ಕುಷ್ಠವಿದ್ದ ಸೇನಾಪತಿ ನಾಮಾನ ಗುಣವಾದ ಮೇಲೆ ಬೆಳ್ಳಿಬಂಗಾರ ತಂದು ಮುಂದಿಟ್ಟ. ಪ್ರವಾದಿ ಎಲೀಷ ಮುಟ್ಟಲಿಲ್ಲ. ಹಿಂದಿನಿಂದ ಓಡಿಹೋಗಿ ಈಸಿಕೊಂಡ ಸೇವಕ ಗೇಹಜಿಗೆ ನಾಮಾನನ ಕುಷ್ಠವೇ ಅಂಟಿತು (2 ಅರಸುಗಳು 5). ನಮ್ಮ ದೇಶದಲ್ಲಿ ಮಾಂತ್ರಿಕ ಪರಿಹಾರಗಳ ಜಾಹೀರಾತಿನ ಮೇಲೆ 1954ರಿಂದಲೇ ಕಾನೂನಿದೆ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಸಭೆಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿ ಪ್ರಾರ್ಥಿಸಿರಿ ಅನ್ನುತ್ತದೆ. ನಿಮ್ಮ ಹೆಸರು ಗೊತ್ತಿರುವ, ನಾಳೆಯೂ ಬಂದು ಕೂರುವ ಹಿರಿಯರು. ಅವರನ್ನು ಕರೆಸಿ, ದುಡ್ಡು ಔಷಧಕ್ಕಿರಲಿ.

ಕಥೋಲಿಕ ಫಾದರ್ ಬಂದು ಎಣ್ಣೆ ಹಚ್ಚಿದರೆ ಇನ್ನು ಮುಗೀತು ಅಂತ ಅರ್ಥವಾ? ಅಮ್ಮ ಹೆದರುತ್ತಾರೆ.

ಹಿಂದೆ ಆ ಸಂಸ್ಕಾರವನ್ನು ಸಾಯುವ ಹೊತ್ತಿಗೇ ಕೊಡುತ್ತಿದ್ದರು, ಹೆಸರೂ ಹಾಗೇ ಇತ್ತು. ಎರಡನೇ ವ್ಯಾಟಿಕನ್ ಸಮ್ಮೇಳನದ ನಂತರ, 1972ರಲ್ಲಿ, ಕ್ರಮವೇ ಬದಲಾಯಿತು. ಈಗ ದೊಡ್ಡ ಆಪರೇಷನ್ನಿಗೆ ಮುಂಚೆಯೂ ಪಡೆಯಬಹುದು, ಮತ್ತೆ ಕಾಯಿಲೆ ಬಂದರೆ ಮತ್ತೆ ಪಡೆಯಬಹುದು. ಅಮ್ಮನಿಗೆ ಫಾದರ್ ಬಾಯಿಂದಲೇ ಹೇಳಿಸಿ.

## ಕಷ್ಟದವು

ಪಕ್ಕದ ಬೆಡ್‌ನವರ ಪ್ರಾರ್ಥನೆ ಕೇಳಿದ ದೇವರಿಗೆ ನನ್ನದು ಕೇಳಿಸಲಿಲ್ಲವಾ?

ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯ ಓದಿ. ಅರಸ ಹೆರೋದನು ಅಪೊಸ್ತಲ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ, ಒಂದೇ ವಾಕ್ಯದಲ್ಲಿ ಮುಗಿಯಿತು. ಪೇತ್ರನನ್ನು ಸೆರೆಗೆ ಹಾಕುತ್ತಾನೆ, ದೂತ ಬಂದು ಬಿಡಿಸುತ್ತಾನೆ. ಇಬ್ಬರೂ ಯೇಸುವಿನ ಆಪ್ತರು. ಯಾಕೋಬನ ತಾಯಿ ಆ ರಾತ್ರಿ ಪೇತ್ರನ ಬಿಡುಗಡೆಯ ಸುದ್ದಿ ಕೇಳಿ ಏನು ಅಂದುಕೊಂಡಿರಬಹುದು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಇದನ್ನು ಬರೆದ ಲೂಕ ವಿವರಣೆ ಕೊಡುವುದಿಲ್ಲ. ನನ್ನ ಹತ್ತಿರವೂ ಇಲ್ಲ. "ದೇವರಿಗೆ ಏನೋ ಯೋಜನೆ ಇದೆ" ಅನ್ನುವ ಮಾತನ್ನು ನಾನು ವಾರ್ಡಿನಲ್ಲಿ ಆಡುವುದು ಬಿಟ್ಟಿದ್ದೇನೆ. ಇದ್ದರೂ ಅದು ನನಗೆ ತಿಳಿದ ಹಾಗೆ ಮಾತಾಡಲಾರೆ.

ದೇವರ ಮೇಲೆ ಸಿಟ್ಟು ಬರುತ್ತೆ. ಬೈಬಲ್ ಮುಟ್ಟೋಕೂ ಆಗ್ತಿಲ್ಲ.

88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೆ ಸ್ತೋತ್ರವಿಲ್ಲ, ಹಲ್ಲೆಲೂಯವಿಲ್ಲ. ಅದನ್ನು ಪ್ರಾರ್ಥನೆ ಅಂತಲೇ ಬೈಬಲಿನಲ್ಲಿ ಉಳಿಸಿಕೊಂಡಿದ್ದಾರೆ. ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬ ತಾನು ಹುಟ್ಟಿದ ದಿನವನ್ನು ಶಪಿಸಿದ, ದೇವರನ್ನು ವ್ಯಾಜ್ಯಕ್ಕೆ ಕರೆದ. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗಿದ್ದು ದೇವರ ಪರ ವಕಾಲತ್ತು ಮಾಡಿದ ಮೂವರು ಸ್ನೇಹಿತರ ಮೇಲೆ. ಯೋಬನೇ ಸರಿಯಾಗಿ ಮಾತಾಡಿದ್ದಾನೆ ಅಂದ. ನಿಮ್ಮ ಸಿಟ್ಟನ್ನೂ ಆತನಿಗೇ ಹೇಳಿ. ಓದಲಾಗದಿದ್ದರೆ ಬೇರೆ ಯಾರಾದರೂ ಓದಲಿ, ನೀವು ಗೋಡೆ ಕಡೆ ತಿರುಗಿ ಮಲಗಿ. ಹಿಜ್ಕೀಯನೂ ಗೋಡೆ ಕಡೆ ತಿರುಗಿಕೊಂಡೇ ಪ್ರಾರ್ಥಿಸಿದ್ದು.

ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತೆ ಅಂತ ವಿಜ್ಞಾನ ಸಾಬೀತು ಮಾಡಿದೆಯಂತಲ್ಲ?

ಆ ವಾಟ್ಸಾಪ್ ಸಂದೇಶ ನನಗೂ ಬರುತ್ತದೆ. ದೊಡ್ಡ ಪ್ರಯೋಗದ ಫಲಿತಾಂಶ ಬಂದದ್ದು 2006ರಲ್ಲಿ, ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಆಪರೇಷನ್ ಮಾಡಿಸಿಕೊಂಡ 1802 ಜನರ ಮೇಲೆ. ಗುರುತಿಲ್ಲದವರು ಯಾರ ಹೆಸರು ಹಿಡಿದು ಪ್ರಾರ್ಥಿಸಿದರೋ ಆ ರೋಗಿಗಳಿಗೂ, ಯಾರಿಗಾಗಿ ಪ್ರಾರ್ಥಿಸಲಿಲ್ಲವೋ ಅವರಿಗೂ ವ್ಯತ್ಯಾಸ ಕಾಣಲಿಲ್ಲ. ನಿಮಗಾಗಿ ಖಂಡಿತ ಪ್ರಾರ್ಥನೆ ನಡೆಯುತ್ತಿದೆ ಅಂತ ತಿಳಿಸಿದವರಲ್ಲಿ ತೊಡಕುಗಳು ಶೇ. 59, ಇದೆಯೋ ಇಲ್ಲವೋ ಗೊತ್ತಿಲ್ಲದ ಉಳಿದ ಎರಡು ಗುಂಪುಗಳಲ್ಲಿ ಶೇ. 51 ಮತ್ತು 52. ಪ್ರಾರ್ಥನೆ ಮಾಡಿಸುವಷ್ಟು ನನ್ನ ಸ್ಥಿತಿ ಕೆಟ್ಟಿದೆಯಾ ಅಂತ ಅವರು ಗಾಬರಿಯಾಗಿರಬಹುದು ಅಂದವರಿದ್ದಾರೆ. ನನಗಿದರಿಂದ ಬೇಸರವಾಗಲಿಲ್ಲ. ಗುಂಪು ಮಾಡಿ ಪರೀಕ್ಷಿಸಿದರೆ ಸಿಕ್ಕಿಬೀಳುವ ದೇವರು ಔಷಧದ ಅಂಗಡಿಯ ಸರಕಾಗುತ್ತಿದ್ದ. ಆದರೆ ಆ ಸುಳ್ಳು ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.

ಇನ್ನು ವೆಂಟಿಲೇಟರ್ ಬೇಡ ಅಂದರೆ ದೇವರಿಗೆ ಅವಕಾಶ ಕೊಡದ ಹಾಗೆ ಆಗುವುದಿಲ್ಲವಾ?

ಲಾಜರನನ್ನು ಎಬ್ಬಿಸಿದವನಿಗೆ ಯಂತ್ರ ಬೇಕಾಗಿರಲಿಲ್ಲ. ದೇವರು ಬದುಕಿಸುವುದಾದರೆ ಕೊಳವೆ ಇಲ್ಲದೆಯೂ ಬದುಕಿಸುತ್ತಾನೆ.

ಜೀವ ತೆಗೆಯುವುದು ಬೇರೆ, ಫಲ ಕೊಡದೆ ಹಿಂಸೆಯನ್ನಷ್ಟೇ ಉದ್ದ ಮಾಡುವ ಚಿಕಿತ್ಸೆಯನ್ನು ನಿಲ್ಲಿಸುವುದು ಬೇರೆ. ಎರಡನೆಯದು ಸಲ್ಲುತ್ತದೆ ಅಂತ ಕಥೋಲಿಕ ಸಭೆಯ ಧರ್ಮೋಪದೇಶ ಗ್ರಂಥದ 2278ನೇ ಭಾಗವೂ ಒಪ್ಪುತ್ತದೆ. ಕಾನೂನಿನ ಮಾತು ಹೇಳುವುದಾದರೆ, ಸುಪ್ರೀಂ ಕೋರ್ಟ್ 2018ರ ಮಾರ್ಚಿನಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟಿತು, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಎರಡು ಹಂತದಲ್ಲಿ ವೈದ್ಯರ ಮಂಡಳಿ ನೋಡಿ ಒಪ್ಪಬೇಕು, ಒಬ್ಬ ಡಾಕ್ಟರ್ ಕಾರಿಡಾರಿನಲ್ಲಿ ಹೇಳಿದ ಮಾತು ಸಾಲದು.

ಚಿಕಿತ್ಸೆ ನಿಂತರೆ ಆರೈಕೆ ನಿಲ್ಲಬಾರದು. ನೋವು ಕಡಿಮೆ ಮಾಡುವ ಉಪಶಾಮಕ ಆರೈಕೆಯನ್ನು ಕೇಳಿ ಪಡೆಯಿರಿ. ಈಗ ನಾವು ಕಾಣುವ ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆ) ಪದ್ಧತಿಗೆ ಬುನಾದಿ ಹಾಕಿದ್ದು 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್, ನರ್ಸಾಗಿದ್ದು ಡಾಕ್ಟರಾದ ದೈವಭಕ್ತೆ. ಬೆಂಗಳೂರಿನಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಕರುಣಾಶ್ರಯದವರು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಮಾರ್ಫಿನ್ ತೆಗೆದುಕೊಂಡರೆ ನಂಬಿಕೆ ಮಂಕಾಗುತ್ತದೆ ಅಂದ ಹಿರಿಯರೊಬ್ಬರಿಗೆ ನಾನು ಹೇಳಿದ್ದು ಇಷ್ಟೇ: ನಿಮ್ಮ ಹಲ್ಲು ಕೀಳಿಸಿದ ದಿನ ಇಂಜೆಕ್ಷನ್ ಬೇಡ ಅಂದಿದ್ದಿರಾ ಅಯ್ಯನವರೇ?

ನೋಡೋಕೆ ಹೋದಾಗ ಏನು ಮಾತಾಡಬೇಕೋ ತಿಳಿಯಲ್ಲ. ಪ್ರಾರ್ಥನೆ ಎಷ್ಟು ಹೊತ್ತು ಮಾಡಲಿ?

ಎರಡು ನಿಮಿಷ. ಮೆಲ್ಲಗೆ. ಪಕ್ಕದ ಬೆಡ್ಡಿನವರಿಗೂ ನಿದ್ದೆ ಬೇಕು. ಮೊದಲು ಮಾಡಲಾ ಅಂತ ಕೇಳಿ, ಬೇಡ ಅಂದರೆ ಬೇಡ. ಯೋಬನ ಸ್ನೇಹಿತರು ಏಳು ದಿನ ಬಾಯಿ ಬಿಡದೆ ನೆಲದ ಮೇಲೆ ಕೂತಿದ್ದರಲ್ಲ, ಅಲ್ಲಿಯವರೆಗೆ ಅವರಷ್ಟು ಒಳ್ಳೆಯವರಿಲ್ಲ, ಕೆಟ್ಟಿದ್ದು ಮಾತಾಡಲು ಶುರುಮಾಡಿದ ಮೇಲೆ. ಜೊತೆಗಿರುವವರನ್ನು ಸ್ನಾನಕ್ಕೆ, ಊಟಕ್ಕೆ ಕಳಿಸಿ ಒಂದು ಗಂಟೆ ಕಾವಲು ಕೂರಿ. ಗಂಜಿ ಒಯ್ಯಿರಿ. ನಿಮ್ಮ ಚಿಕ್ಕಪ್ಪನಿಗೆ ಇದೇ ಕಾಯಿಲೆ ಬಂದು ಏನಾಯಿತು ಅನ್ನುವ ಕಥೆ ಮನೆಯಲ್ಲೇ ಇರಲಿ.

ಉಪವಾಸ ಮಾಡಿದೆವು, ಸರಪಳಿ ಪ್ರಾರ್ಥನೆ ಮಾಡಿದೆವು. ಆದರೂ ಹೋಗಿಬಿಟ್ಟರು. ಅಷ್ಟು ಪ್ರಾರ್ಥನೆ ಎಲ್ಲಿ ಹೋಯಿತು?

ಅರಸ ದಾವೀದ ಕಾಯಿಲೆ ಬಿದ್ದ ತನ್ನ ಮಗುವಿಗಾಗಿ ನೆಲದ ಮೇಲೆ ಬಿದ್ದು ಉಪವಾಸ ಮಾಡಿದ. ಏಳನೇ ದಿನ ಮಗು ಸತ್ತಿತು. ಅವನು ಎದ್ದು ಸ್ನಾನ ಮಾಡಿ, ದೇವರ ಮನೆಗೆ ಹೋಗಿ, ಬಂದು ಊಟ ಮಾಡಿದ. ಸೇವಕರಿಗೆ ಅದು ಅರ್ಥವಾಗಲಿಲ್ಲ, ನನಗೂ ಬಹಳ ಕಾಲ ಆಗಿರಲಿಲ್ಲ. ಲಾಜರ ಸತ್ತಾಗ ಅವನ ಅಕ್ಕಂದಿರು ಮಾರ್ಥಳೂ ಮರಿಯಳೂ ಬೇರೆ ಬೇರೆ ಬಂದು ಒಂದೇ ಮಾತು ಹೇಳಿದರು: ಕರ್ತನೇ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಯೇಸು ಅವರನ್ನು ಗದರಿಸಲಿಲ್ಲ, ಅತ್ತ. ಲಾಜರ ಎದ್ದು ಬಂದ. ಮುಂದೆ ಒಂದು ದಿನ ಅವನೂ ಮತ್ತೆ ಸತ್ತಿರಬೇಕು. ಯೇಸು ಗುಣಪಡಿಸಿದ ಯಾರೂ ಈಗ ಬದುಕಿಲ್ಲ. ಕ್ರೈಸ್ತರು ಸಮಾಧಿಯ ಹತ್ತಿರ ನಿಂತು ಪುನರುತ್ಥಾನದ ಮಾತಾಡುವುದು ಅದಕ್ಕೇ. ಆ ಮಾತು ಮೊದಲ ವಾರದಲ್ಲಿ ಕಿವಿಗೆ ಬೀಳುವುದಿಲ್ಲ, ಬೀಳಲಿ ಅಂತ ಒತ್ತಾಯ ಮಾಡುವುದೂ ಬೇಡ.

ತಂಗಿಗಾಗಿ ಪ್ರಾರ್ಥಿಸಲು ನಾನು ಫೋನಿನಲ್ಲಿ ಬೆಳಗಿನ ಐದೂವರೆಗೆ ಅಲಾರಂ ಇಟ್ಟಿದ್ದೆ. ಅವಳು ಹೋದ ಮರುದಿನವೂ ಅದು ಹೊಡೆಯಿತು. ತೆಗೆದುಹಾಕಲು ಮನಸ್ಸಾಗಲಿಲ್ಲ. ಈಗಲೂ ಆ ಹೊತ್ತಿಗೆ ಎದ್ದು ಕೂರುತ್ತೇನೆ. ಕೆಲವು ದಿನ ಪ್ರಾರ್ಥನೆ ಬರುತ್ತದೆ. ಬಾರದ ದಿನ ಕಾಫಿಗೆ ನೀರಿಡುತ್ತೇನೆ.